ಮುಂಗಾಳಿಯಿಲ್ಲದ ಸೊಸೆ

“ಹಿಂದ ಬಂದು ನಿಂತಿರ್ತಾಳ, ಗೊತ್ತ ಆಗಂಗಿಲ್ಲ. ತಿರುಗಿ ನೋಡಿದ್ರ ಅಲ್ಲೇ ಅದಾಳ! ಇದಕ್ಕ ಏನಂತಾರ, ನೀನ ಹೇಳು ದುಂಡವ್ವಾ,” ಎಂದಳು ಬಸಲಿಂಗವ್ವ.

ಆ ದುಂಡವ್ವ ನಾನೇ. ಬಳೆ ಮಾರುವ ದುಂಡವ್ವನಿಗೆ ಬಾಯಿ ಜಾಸ್ತಿ ಎಂದು ಊರೆಲ್ಲ ಅನ್ನುತ್ತದೆ, ಅದು ಸುಳ್ಳೇನಲ್ಲ. ಆದರೆ ಅತ್ತೆಯೊಬ್ಬಳು ಸೊಸೆಯ ದೂರು ಹೇಳುತ್ತಿರುವಾಗ ತಲೆ ತಗ್ಗಿಸಿ ಬಳೆಯ ಮಲಾರದ ಗಂಟು ಬಿಚ್ಚುತ್ತ ಕೂರಬೇಕು ಎನ್ನುವಷ್ಟು ಬುದ್ಧಿ ನನಗೂ ಉಂಟು.

“ಜೇಡ ಅಂತಾರ,” ಎಂದು ಅವಳೇ ಉತ್ತರ ಕೊಟ್ಟುಕೊಂಡಳು. “ಬಲಿ ಕಟ್ಟೂ ಜೇಡ ಅಲ್ಲ. ಅದು ಪಾಪ, ತನ್ನ ಮೂಲ್ಯಾಗ ತಾನು ಕುಂತಿರ್ತೈತಿ. ಇಕಿ ಗ್ವಾಡಿ ಮ್ಯಾಲ ಅಡ್ಡಾಡಿ ಬ್ಯಾಟಿ ಆಡೂ ಜಾತಿ. ಸಪ್ಪಳಿಲ್ಲ, ಗಾಳಿಲ್ಲ. ಬಂದಳೋ, ಬಂದಳು.”

ಅಡುಗೆಮನೆಯ ಹೊಸ್ತಿಲ ಆಚೆ ಆ ಸೊಸೆ ಕಸ್ತೂರಿ ಕುಳಿತಿದ್ದಳು. ಅವಳ ಸೀರೆಯ ಅಂಚು ಮಾತ್ರ ನನಗೆ ಕಾಣುತ್ತಿತ್ತು. ಕೇಳಿಸಲೆಂದೇ ಆಡಿದ ಮಾತು ಅದು, ಅವಳು ಕೇಳಿಸಿಕೊಂಡೇ ಕುಳಿತಿದ್ದಳು.

ನಮ್ಮೂರಿಗೆ ಬಂದ ಪರಸ್ಥಳದವರು ಮೊದಲು ಗಮನಿಸುವುದು ಇಲ್ಲಿ ಯಾರೂ ಬಾಗಿಲು ಬಡಿಯುವುದಿಲ್ಲ, ಹೊರಗೆ ನಿಂತು ಯಾರೂ ಕೂಗುವುದಿಲ್ಲ ಎಂಬುದನ್ನು. ಕೂಗುವುದೇಕೆ? ನಡೆದುಬರುವ ಪ್ರತಿ ಜೀವವೂ ತನ್ನ ಮುಂದೆ ಒಂದಿಷ್ಟು ಗಾಳಿಯನ್ನು ತಳ್ಳಿಕೊಂಡೇ ಬರುತ್ತದೆ. ಅದಕ್ಕೆ ನಾವು ಮುಂಗಾಳಿ ಎನ್ನುತ್ತೇವೆ. ಅದು ನಮ್ಮ ಮುಂಗೈಯ ರೋಮಕ್ಕೆ ತಾಗಿದರೆ ಸಾಕು, ಬರುತ್ತಿರುವವರು ಯಾರು, ಉಂಡು ಬಂದರೋ ಹಸಿದು ಬಂದರೋ, ಕೊಡಲು ಬಂದರೋ ಬೇಡಲು ಬಂದರೋ, ಎಲ್ಲವೂ ಅವರು ಓಣಿಯ ತುದಿಯಲ್ಲಿರುವಾಗಲೇ ತಿಳಿದುಹೋಗುತ್ತದೆ. ಹೋಟೆಲಿನಲ್ಲಿ ನೀವು ಕೂರುವ ಮೊದಲೇ ಚಹಾ ಬರುತ್ತದೆ. ಮಕ್ಕಳು ಕಣ್ಣಾಮುಚ್ಚಾಲೆ ಆಡಬೇಕೆಂದರೆ ತೋಳಿಗೆ ಅಪ್ಪನ ಕಾಲುಚೀಲ ಏರಿಸಿಕೊಳ್ಳುತ್ತಾರೆ, ಇಲ್ಲದಿದ್ದರೆ ಆಟ ಒಂದು ಗಳಿಗೆಯೂ ನಡೆಯುವುದಿಲ್ಲ. ಸಾವಿನ ಮನೆಗೆ ಹೋಗುವಾಗ ತುಂಬುತೋಳಿನ ಅಂಗಿ ತೊಡುವುದು ಮರ್ಯಾದೆ. ಪರರ ದುಃಖವನ್ನು ಬರಿಗೈಯಲ್ಲಿ ಅಳೆಯಬಾರದು. ಬೇರೆ ಊರಿನಲ್ಲಿ ‘ನಿನ್ನ ಕೆಲಸ ನೀ ನೋಡು’ ಎನ್ನುವ ಕಡೆ ನಮ್ಮೂರಿನವರು ‘ತೋಳು ಮುಚ್ಚಿಕೋ’ ಎನ್ನುತ್ತಾರೆ.

ಬಳೆಯೂ ಅಷ್ಟೇ, ನಮ್ಮಲ್ಲಿ ಸಿಂಗಾರವಲ್ಲ. ಮಣಿಕಟ್ಟಿನಿಂದ ಮೊಣಕೈವರೆಗೆ ಗಾಜಿನ ಬಳೆ ತೊಟ್ಟರೆ ಅವು ರೋಮದ ಮೇಲೆ ಉರುಳಾಡುತ್ತಲೇ ಇರುತ್ತವೆ, ಹೊರಗಿನ ಗಾಳಿ ತಿಳಿಯುವುದೇ ಇಲ್ಲ. ಅದಕ್ಕೇ ಮದುವೆಯ ದಿನ ಹೆಣ್ಣಿಗೆ ತೊಡಿಸುತ್ತೇವೆ, ಇಲ್ಲದಿದ್ದರೆ ಅಷ್ಟು ಜನರ ಗಾಳಿಗೆ ತಲೆ ತಿರುಗಿ ಬಿದ್ದಾಳು. ಬಾಣಂತಿಗೆ ನಿದ್ದೆ ಬರಲೆಂದು ತೊಡಿಸುತ್ತೇವೆ. ಗಂಡ ಸತ್ತವಳಿಗೆ ಬೇರೆ ಊರುಗಳಲ್ಲಿ ಬಳೆ ಒಡೆಯುತ್ತಾರಂತೆ. ನಾವು ಮಣ್ಣು ಮಾಡಿ ಬಂದ ಸಂಜೆಯೇ ಅವಳಿಗೆ ಬಳೆ ತೊಡಿಸುತ್ತೇವೆ. ಬರಿಯ ಕೈ ಕಾಯುತ್ತಲೇ ಇರುತ್ತದೆ, ಮತ್ತೆ ಬಾರದ ಗಾಳಿಗಾಗಿ ಅದು ಯಾಕೆ ಕಾಯಬೇಕು? ಇನ್ನು ಸೊಸೆಯನ್ನು ಬೇಡವೆಂದು ತವರಿಗೆ ಕಳಿಸುವಾಗಲೂ ಬಳೆ ತೊಡಿಸಿಯೇ ಕಳಿಸುವುದು. ಹೊರಟ ಹೆಣ್ಣಿಗೆ ಹಿಂದಿನಿಂದ ಯಾರಾದರೂ ಬರುತ್ತಿದ್ದಾರೋ ಇಲ್ಲವೋ ಎಂಬುದು ತಿಳಿಯಬಾರದಲ್ಲ.

ಆ ಮಧ್ಯಾಹ್ನ ಬಸಲಿಂಗವ್ವ ನನ್ನನ್ನು ಕರೆಸಿದ್ದು ಸೊಸೆಗೆ ಈ ತವರಿನ ಬಳೆ ತೊಡಿಸಲು. ಮಗ ಫಕ್ಕೀರಪ್ಪ ಹೆಂಡತಿಯನ್ನು ತವರಿಗೆ ಒಯ್ಯುವ ಚಕ್ಕಡಿ ಗಾಡಿ ತರಲು ಹೋಗಿದ್ದ.

ಬಳೆ ಉಜ್ಜಿ ಉಜ್ಜಿ ನನ್ನ ಮುಂಗೈಯ ರೋಮ ಅರ್ಧ ಸವೆದಿದೆ. ಊರಿನವರಿಗೆ ತಿಳಿಯುವುದರಲ್ಲಿ ಕಾಲು ಪಾಲೂ ನನಗೆ ತಿಳಿಯುವುದಿಲ್ಲ. ಅದಕ್ಕೇ ನಾನು ಗಾಳಿಯನ್ನು ಬಿಟ್ಟು ದನಿಯನ್ನು ಹಿಡಿದವಳು. ಬಸಲಿಂಗವ್ವನ ದನಿಯಲ್ಲಿ ಆ ಹೊತ್ತು ಸಿಟ್ಟು ಇದ್ದದ್ದು ಮೇಲೆ ಮೇಲೆ. ತಳದಲ್ಲಿ ಇನ್ನೇನೋ ಇತ್ತು, ನನಗೆ ಹಿಡಿತಕ್ಕೆ ಸಿಗಲಿಲ್ಲ.

“ಹೆಣ್ಣು ನೋಡೂ ದಿನ ನೀನ ಒಪ್ಪಿದ್ಯಲ್ಲ ಅಕ್ಕಾ,” ಎಂದೆ.

“ಯಾರನ್ನ ಒಪ್ಪಿದ್ನಿ ಕೇಳು!” ಅವಳು ಮುಂದೆ ಸರಿದು ಕುಳಿತಳು.

ನಮ್ಮಲ್ಲಿ ಹೆಣ್ಣಿನ ಮುಖ ನೋಡುವುದು ಆಮೇಲಿನ ಮಾತು. ಮೊದಲು ಹುಡುಗನ ತಾಯಿ ಕಣ್ಣು ಮುಚ್ಚಿ ಎರಡೂ ತೋಳು ಚಾಚಿ ಕೂರುತ್ತಾಳೆ, ಹುಡುಗಿ ಒಳಗಿನಿಂದ ನಡೆದುಬರುತ್ತಾಳೆ. ಆ ಮುಂಗಾಳಿ ಮನಸ್ಸಿಗೆ ಬಂದರೆ ಸಂಬಂಧ ಕುದುರಿತು. ಆ ದಿನ ಬಸಲಿಂಗವ್ವನಿಗೆ ತಾಗಿದ ಗಾಳಿ, ಅವಳೇ ಹೇಳುವಂತೆ, “ಬಿಸಿ ಹೋಳಿಗಿ ತಾಟು ಹಿಡ್ಕೊಂಡು ನಕ್ಕೋತ ಬಂದಂಗ” ಇತ್ತಂತೆ. ಕಣ್ಣು ತೆರೆಯುವ ಮೊದಲೇ ಒಪ್ಪಿಗೆ ಎಂದುಬಿಟ್ಟಳು. ಮದುವೆಯಾಗಿ ಸೊಸೆ ಮನೆಗೆ ಬಂದ ಮೇಲೆ ನೋಡಿದರೆ ಹೋಳಿಗೆಯೂ ಇಲ್ಲ, ತಾಟೂ ಇಲ್ಲ. ಯಾವ ಗಾಳಿಯೂ ಇಲ್ಲ. ಆಮೇಲೆ ತಿಳಿಯಿತು: ಆ ದಿನ ಹುಡುಗಿಯ ಸೀರೆ ಕಾಲಿಗೆ ತೊಡರದಿರಲೆಂದು ನಿರಿಗೆ ಹಿಡಿದುಕೊಂಡು ಅವಳ ಚಿಕ್ಕವ್ವ ತಂಗೆವ್ವ ಹಿಂದೆಯೇ ಬಂದಿದ್ದಳು. ತಂಗೆವ್ವ ಗಟ್ಟಿ ಆಳು, ಬಾಗಿಲಲ್ಲಿ ಅಡ್ಡಡ್ಡ ಹಾಯಬೇಕು.

“ನಾ ಒಪ್ಪಿದ್ದು ತಂಗೆವ್ವನ್ನ! ಅಕಿನ್ನ ಸೊಸಿ ಮಾಡ್ಕೋಬೇಕಾಗಿತ್ತು.”

“ತಂಗೆವ್ವಗ ಗಂಡ ಅದಾನ, ಮಕ್ಕಳೂ ಅದಾವ.”

“ಹೂಂ, ಅದೊಂದು ಅಡ್ಡಿ,” ಎಂದಳು ಬಸಲಿಂಗವ್ವ, ಒಂಚೂರೂ ನಗದೆ.

ಆಗ ಗೋಡೆಯ ಆಚೆಯಿಂದ ನೆರೆಮನೆಯ ಮಾನಂದಿಯ ದನಿ ಬಂತು. “ಬಸಲಿಂಗಕ್ಕಾ, ಹುಡುಗಿನ್ನ ಕಳಸಬ್ಯಾಡ. ನಿಮ್ಮ ಮನಿ ಸಂಕಟಾ ಗ್ವಾಡಿ ದಾಟಿ ಬಂದು ನನಗ ಉಣ್ಣಾಕ ಕೊಡವಲ್ದು!”

“ನೀ ತೋಳು ಮುಚ್ಚಿಕೊಂಡು ಉಣ್ಣು!” ಎಂದು ಇವಳು ಕೂಗಿದಳು. ಆಚೆ ಒಂದು ಪಾತ್ರೆ ಕುಕ್ಕಿದ ಸದ್ದಾಯಿತು.

ನಾನು ಮಲಾರದಿಂದ ಹಸಿರು ಬಳೆಗಳ ಸರ ತೆಗೆದು ಚಾಪೆಯ ಮೇಲೆ ಇಟ್ಟೆ. ಬಟ್ಟಲಲ್ಲಿ ಸಾಬೂನು ಕದಡಿದೆ. “ಬಾರವಾ ಕಸ್ತೂರಿ,” ಎಂದು ಕರೆದು ತಲೆ ಎತ್ತಿದರೆ ಅವಳು ಆಗಲೇ ನನ್ನ ಎದುರು ಕುಳಿತಿದ್ದಳು. ಅರ್ಧ ಸವೆದ ಕೈಯವಳು ನಾನು, ನಾನೇ ಬೆಚ್ಚಿ ಹಿಂದೆ ಸರಿದೆ.

“ನೋಡಿದ್ಯಾ?” ಎಂದಳು ಬಸಲಿಂಗವ್ವ.

“ತಪ್ಪಾತ್ರಿ,” ಎಂದಳು ಕಸ್ತೂರಿ ನನಗೆ. ಕೈ ಮುಂದೆ ಚಾಚಿದಳು. ಬೆರಳ ತುದಿಗಳು ತಣ್ಣಗಿದ್ದವು.

ಹುಡುಗಿ ಪ್ರಯತ್ನ ಮಾಡಿರಲಿಲ್ಲ ಎನ್ನುವಂತಿಲ್ಲ. ಮೊದಲು ನೆಲ ಬಡಿದು ನಡೆದಳಂತೆ. ಕುದುರೆ ಕಟ್ಟಿದ ಮನೆಯಂತಾಯಿತೆಂದು ಅತ್ತೆ ಬೈದಳು. ಆಮೇಲೆ ಮೊರ ಹಿಡಿದು ಮುಂದೆ ಮುಂದೆ ಬೀಸಿಕೊಳ್ಳುತ್ತ ಬಂದಳು, ಗಾಳಿಯಾದರೂ ಆಗಲಿ ಎಂದು. ಅತ್ತೆ ಆಗತಾನೇ ಜೋಳದ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಹಿಟ್ಟೆಲ್ಲ ಹಾರಿ ಅತ್ತೆಯ ಮುಖ ಹುಬ್ಬಿನವರೆಗೆ ಬೆಳ್ಳಗಾಯಿತು. ಇದನ್ನು ಹೇಳುವಾಗ ಬಸಲಿಂಗವ್ವನ ಬಾಯಿಯ ಒಂದು ಮೂಲೆ ಅಲುಗಿತು. ನಾನು ನೋಡಿದೆ. ಆದರೆ ಅವಳು ತಕ್ಷಣ ಅದನ್ನು ಕಚ್ಚಿ ಹಿಡಿದಳು.

ನಾನು ಕಸ್ತೂರಿಯ ಕೈಗೆ ಸಾಬೂನು ಸವರಿದೆ, ಹೆಬ್ಬೆರಳಿನ ಬುಡ ಒತ್ತಿ ಮೊದಲ ಬಳೆ ಏರಿಸುವುದಷ್ಟೇ ಉಳಿದಿತ್ತು. ಅಷ್ಟರಲ್ಲಿ ಬಸಲಿಂಗವ್ವ, “ತಡಿ, ಯಾರೋ ಬಂದ್ರು,” ಎಂದಳು. ತನ್ನ ಬಲತೋಳನ್ನು ಗೋಡೆಯ ಕಡೆ ತಿರುಗಿಸಿದಳು. “ಮನಷ್ಯಾ ಅಲ್ಲ. ಸಣ್ಣದು.”

ನಾವು ಮೂವರೂ ಆ ಕಡೆ ನೋಡಿದೆವು. ಜೋಳದ ಗುಡಾಣದ ಹಿಂದಿನಿಂದ ಒಂದು ಜಿರಲೆ ಗೋಡೆ ಹತ್ತಿ ಬರುತ್ತಿತ್ತು. ಅದರ ದಾರಿಯಲ್ಲಿ, ದೀಪದ ಗೂಡಿನ ಕೆಳಗೆ, ಅಂಗೈಯಗಲದ ಜೇಡವೊಂದು ಕಾಲು ಹರಡಿಕೊಂಡು ಗೋಡೆಗೆ ಅಂಟಿದಂತೆ ಕುಳಿತಿತ್ತು. ಮಣ್ಣಿನ ಬಣ್ಣ. ಬಲೆ ಹೆಣೆಯದ ಜಾತಿ. ಅದು ಯಾವಾಗಿನಿಂದ ಅಲ್ಲಿತ್ತೋ, ಬಸಲಿಂಗವ್ವನ ತೋಳಿಗೂ ತಿಳಿದಿರಲಿಲ್ಲ.

“ಉಸುರು ಬಿಡಬ್ಯಾಡ್ರಿ,” ಎಂದು ಪಿಸುಗುಟ್ಟಿದೆ. ನಮ್ಮೂರಿನಲ್ಲಿ ಇದನ್ನು ನೋಡುವುದೆಂದರೆ ಯಾರೂ ಬೇಸರಪಡುವುದಿಲ್ಲ. ಎಲ್ಲ ಮನೆಯಲ್ಲೂ ಮಕ್ಕಳಿಗೆ ಮೊದಲ ಪಾಠವೇ ಇದು. ನಾನಂತೂ ಮನೆ ಮನೆಯ ನಡುಮನೆಯಲ್ಲಿ ಕುಳಿತು ಕುಳಿತು ಇವೆರಡರ ವ್ಯವಹಾರ ಎಷ್ಟೋ ಸಲ ನೋಡಿದವಳು. ಜಿರಲೆಯ ಬೆನ್ನ ತುದಿಯಲ್ಲಿ ಸಣ್ಣ ಎರಡು ಕೊಂಬಿನಂಥವು ಇರುತ್ತವೆ, ಅವುಗಳ ತುಂಬ ರೋಮ. ಹಿಂದಿನಿಂದ ಜೇಡ ಓಡಿಬಂದರೆ ಅದರ ಮೈ ತಳ್ಳಿದ ಗಾಳಿ ಆ ರೋಮಕ್ಕೆ ಮೊದಲೇ ತಾಗುತ್ತದೆ. ಗಾಳಿ ಯಾವ ಕಡೆಯಿಂದ ಬಂತೋ ಅದಕ್ಕೆ ಬೆನ್ನು ತಿರುಗಿಸಿ ಜಿರಲೆ ಮಾಯ. ಜೇಡಕ್ಕೂ ಅಷ್ಟೇ, ಎಂಟೂ ಕಾಲಿನ ಮೇಲೆ ರೋಮ. ಜಿರಲೆ ಮೀಸೆ ಆಡಿಸಿದರೂ ಆ ಗಾಳಿ ಅದಕ್ಕೆ ಗೊತ್ತು, ಗೋಡೆಯ ನಡುಕವೂ ಪಾದಕ್ಕೆ ಗೊತ್ತು. ಇಬ್ಬರ ನಡುವೆ ಇರುವುದು ಒಂದೇ ಗಾಳಿ, ಅದನ್ನು ಇಬ್ಬರೂ ಓದುತ್ತಾರೆ. ಯಾರು ಮೊದಲು ಅಲುಗಿದರೋ ಅವರ ಸುದ್ದಿ ಇನ್ನೊಬ್ಬರಿಗೆ ಹೋಯಿತು. ಅದಕ್ಕೇ ಜೇಡ ಒಂದು ಕಾಲು ಇಟ್ಟು ನಿಲ್ಲುತ್ತದೆ, ಇನ್ನೊಂದು ಇಟ್ಟು ನಿಲ್ಲುತ್ತದೆ.

ಜಿರಲೆ ಮೇಲೇರಿ ಬಂತು. ಗೇಣು ದೂರದಲ್ಲಿ ನಿಂತಿತು. ಮೀಸೆ ಎತ್ತಿ ಆ ಕಡೆ ಈ ಕಡೆ ಬೀಸಿ ಸುಮ್ಮನಾಯಿತು. ಜೇಡ ಮುಂದಿನ ಎರಡು ಕಾಲು ಎತ್ತಿತು, ಕೂದಲೆಳೆಯಷ್ಟು. ಬಸಲಿಂಗವ್ವ ನನ್ನ ಮಂಡಿ ಹಿಡಿದಳು. ಜಿರಲೆ ಒಂದು ಹೆಜ್ಜೆ, ಮತ್ತೊಂದು ಹೆಜ್ಜೆ ಇಟ್ಟು ಜೇಡದ ಮುಂದೆಯೇ, ಕೈಗೆ ಸಿಗುವಷ್ಟು ಹತ್ತಿರದಲ್ಲೇ ಹಾದು ಗೂಡಿನೊಳಗೆ ಹೋಯಿತು. ಜೇಡ ಎತ್ತಿದ ಕಾಲನ್ನು ಮೆಲ್ಲಗೆ ಕೆಳಗಿಟ್ಟಿತು. ಆಮೇಲೆ, ಯಾವ ಗಾಳಿಯನ್ನೂ ಎಬ್ಬಿಸದೆ, ಪಕ್ಕಕ್ಕೆ ಸರಿಯತೊಡಗಿತು.

“ಅಯ್ಯ! ಬಾಯಾಗ ಬಂದಿದ್ದನ್ನ ಬಿಡ್ತಲ್ಲ!” ಎಂದಳು ಬಸಲಿಂಗವ್ವ. “ಎಂಥಾ ದಡ್ಡ ಜೇಡ ಇದು?”

“ಹೊಟ್ಟಿ ಕೆಳಗ ನೋಡ್ರಿ ಅತ್ತಿ,” ಎಂದಳು ಕಸ್ತೂರಿ.

ಆಗ ಕಂಡಿತು. ಜೇಡದ ಹೊಟ್ಟೆಯ ಕೆಳಗೆ ಬಿಳಿಯ ಬಿಲ್ಲೆಯಂಥದ್ದೊಂದು, ರೇಷ್ಮೆಯಲ್ಲಿ ಸುತ್ತಿದ್ದು.

“ತತ್ತಿ ಚೀಲರಿ ಅದು. ಅದನ್ನ ಹೊತ್ತಾಗ ಅದು ಉಣ್ಣಾಕ ಹೋಗಂಗಿಲ್ಲ. ಬ್ಯಾಟಿ ಬಿಟ್ಟಿರ್ತೈತಿ. ಆದರ ನಡಿಗಿ ಮಾತ್ರ ಅದ ಇರ್ತೈತಿ. ಬ್ಯಾಟಿ ಆಡಾಕೂ ಅದ ನಡಿಗಿ, ತತ್ತಿ ಕಾಯಾಕೂ ಅದ ನಡಿಗಿ.”

ಕಸ್ತೂರಿ ಮದುವೆಯಾಗಿ ಬಂದ ಮೇಲೆ ಅತ್ತೆಯೆದುರು ಇಷ್ಟು ಮಾತಾಡಿದ್ದು ಅದೇ ಮೊದಲು ಎಂದು ಬಸಲಿಂಗವ್ವನ ಮುಖವೇ ಹೇಳುತ್ತಿತ್ತು.

“ನಿನಗ ಯಾರು ಹೇಳಿದ್ರು ಇದನ್ನ?” ಎಂದು ನಾನು ಕೇಳಿದೆ.

“ಯಾರೂ ಹೇಳಲಿಲ್ರಿ. ನಮ್ಮ ಅಪ್ಪನ ಕ್ವಾಣ್ಯಾಗ ಒಂದಿತ್ತು. ಕುಂತು ಕುಂತು ನೋಡೇನಿ.” ಅವಳು ಸಾಬೂನಿನ ಕೈಯನ್ನು ಮಡಿಲ ಮೇಲೆ ಎತ್ತಿ ಹಿಡಿದುಕೊಂಡೇ ಹೇಳಿದಳು. ಅವಳಪ್ಪ ಸುಣ್ಣದ ಭಟ್ಟಿಯಲ್ಲಿ ಕೆಲಸಕ್ಕಿದ್ದವನು. ಒಂದು ಜ್ವರ ಬಂದು ಹೋದ ಮೇಲೆ ಅವನ ತೋಳಿನ ರೋಮ ಎಷ್ಟು ಸೂಕ್ಷ್ಮವಾಯಿತೆಂದರೆ ಯಾರ ಮುಂಗಾಳಿ ತಾಗಿದರೂ ಸೂಜಿ ಚುಚ್ಚಿದಂತೆ ಚೀರುತ್ತಿದ್ದ. ಅಂಗಿ ತೊಡಿಸಿದರೆ ಅದೂ ಉರಿ. ಬಳೆಯ ಮಾತೇ ಬೇಡ. ನೆಂಟರು ಬರುವುದು ಬಿಟ್ಟರು. ಚಿಕ್ಕವ್ವ ತಂಗೆವ್ವ ಪ್ರೀತಿಯವಳು, ಆದರೆ ಅವಳು ಓಣಿಗೆ ಕಾಲಿಟ್ಟರೇ ಅವನು ಹಾಸಿಗೆಯಲ್ಲಿ ಒದ್ದಾಡುತ್ತಿದ್ದ. “ಗಂಜಿ ಯಾರರ ಕೊಡಬೇಕಲ್ರಿ. ಗ್ವಾಡಿ ಮ್ಯಾಲಿನ ಜೇಡನ್ನ ನೋಡಿ ನೋಡಿ ಹಂಗ ಹೆಜ್ಜಿ ಇಡಾಕ ಕಲತ್ನಿ. ಎದುರಿಗೆ ಹೋಗಬಾರದು, ಓರಿ ಹೋಗಬೇಕು. ಅಂವ ಉಸುರು ಬಿಡೂವಾಗ ಒಂದ ಹೆಜ್ಜಿ, ತಗೊಳ್ಳೂವಾಗ ನಿಲ್ಲಬೇಕು. ಕಡೀಕ ಅಂವಗ ನಾ ಬಂದದ್ದು ಗೊತ್ತಾಗತಿದ್ದಿಲ್ಲ, ಗಂಜಿ ಬಾಯಿಗೆ ಬಂದದ್ದು ಅಷ್ಟ ಗೊತ್ತಾಗತಿತ್ತು. ಅಪ್ಪ ಹೋದ. ನಡಿಗಿ ಹೋಗಲಿಲ್ರಿ ಅತ್ತಿ. ಎಷ್ಟ ಬಡ್ಕೊಂಡ್ರೂ ಕಾಲಿಗೆ ಬ್ಯಾರೆ ಬರವಲ್ದು.”

ಇಷ್ಟು ಕೇಳಿದ ಮೇಲೆ ಅತ್ತೆ ಕರಗಿ ಹೋದಳು ಎಂದು ನೀವು ಅಂದುಕೊಂಡರೆ ನಿಮಗೆ ಬಸಲಿಂಗವ್ವ ಗೊತ್ತಿಲ್ಲ.

“ಇದನ್ನ ಮದುವಿಗೆ ಮುಂಚೆ ಹೇಳಾಕ ಏನಾಗಿತ್ತು ನಿಮ್ಮ ಮಂದೀಗೆ?”

“ನೀವು ಕಣ್ಣು ತೆರಿಯೂದ್ರೊಳಗ ಒಪ್ಪಿಗಿ ಅಂದ್ಬಿಟ್ರಿ.”

ನಾನು ಕೆಮ್ಮಿದಂತೆ ಮಾಡಿ ನಗೆ ನುಂಗಿದೆ. ಬಸಲಿಂಗವ್ವ ನನ್ನತ್ತ ಕಣ್ಣು ಬಿಟ್ಟು ನೋಡಿದಳು. ಆಮೇಲೆ ಅವಳ ದೃಷ್ಟಿ ಗೋಡೆಗೆ ಹೋಯಿತು. ಜೇಡ ಮೂಲೆಯ ಕತ್ತಲೆಗೆ ಸರಿಯುತ್ತಿತ್ತು, ಒಂದೊಂದೇ ಕಾಲು.

“ಬೆಚ್ಚಿ ಬೀಳ್ತೀನಿ ಅಂತಲ್ಲವಾ ನಾ ನಿನ್ನ ಕಳಸಾಕತ್ತಿದ್ದು,” ಎಂದಳು, ಗೋಡೆಯನ್ನೇ ನೋಡುತ್ತ. ತಳದಲ್ಲಿದ್ದ ದನಿ ಈಗ ಮೇಲೆ ಬಂದಿತ್ತು. “ನನ್ನ ಸಿಟ್ಟು ಅದಲ್ಲ. ಗಾಳಿ ಇಲ್ಲದ ಬರೂವ್ರು ಯಾರು ಹೇಳು? ಜೀವ ಇದ್ದವ್ರು ಯಾರೂ ಹಂಗ ಬರಂಗಿಲ್ಲ. ನೀ ಹಿಂದ ಬಂದು ನಿಂದರ್ತಿ. ತೋಳಿಗೆ ಏನೂ ತಿಳ್ಯಂಗಿಲ್ಲ, ಆದರ ಬೆನ್ನಿಗೆ ಯಾರೋ ಅದಾರ ಅನಸ್ತೈತಿ. ಆವಾಗ ನನಗ…” ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. “ಆವಾಗ ನನಗ, ಇವ್ರ ಬಂದ್ರು ಅನಸ್ತೈತಿ. ತಿರುಗೂದ್ರೊಳಗ ಇಷ್ಟ ಸಂತೋಷ ಆಗಿಬಿಡ್ತೈತಿ, ತಿರುಗಿದ್ರ ನೀ ಇರ್ತಿ. ದಿನಕ್ಕ ಎಷ್ಟ ಸಲ ತಿರುಗಲಿ ನಾನು?”

ಅವಳ ಗಂಡ ತೀರಿಕೊಂಡ ಸಂಜೆ ನಾನು ಮಲಾರ ಹೊತ್ತುಕೊಂಡು ಇದೇ ಬಾಗಿಲಿಗೆ ಬಂದಿದ್ದೆ. ಅವಳು ನನ್ನನ್ನು ಒಳಗೇ ಬಿಟ್ಟಿರಲಿಲ್ಲ. ಊರಿನ ಹಿರಿಯರು ಹೇಳಿದರೂ ಕೇಳಿರಲಿಲ್ಲ. ಗಟ್ಟಿ ಹೆಣ್ಣು, ಎಲ್ಲವೂ ತಿಳಿಯುತ್ತಲೇ ಇರಬೇಕು ಇವಳಿಗೆ ಎಂದು ಜನ ಆಡಿಕೊಂಡರು. ನಾನೂ ಹಾಗೇ ತಿಳಿದಿದ್ದೆ. ಬರಿಗೈಯಲ್ಲಿ ಅವಳು ಇಷ್ಟು ದಿನ ಓಣಿಯ ತುದಿಯನ್ನು ಕಾಯುತ್ತಿದ್ದಳೆಂದು ಯಾರಿಗೆ ಹೊಳೆದಿತ್ತು?

ಕಸ್ತೂರಿಯ ಸಾಬೂನಿನ ಕೈ ಒಣಗಿ ಬೆಳ್ಳಗಾಗಿತ್ತು. ಅವಳೇ ಅದನ್ನು ಮತ್ತೆ ನನ್ನತ್ತ ಚಾಚಿದಳು. “ತೊಡಸ್ರಿ. ಅವರು ಚಕ್ಕಡಿ ತಂದ್ರ ಕಾಯಿಸೂದು ಬ್ಯಾಡ.”

ಬಸಲಿಂಗವ್ವ ಆ ಕೈಯನ್ನು ಹಿಡಿದು ಬದಿಗೆ ಸರಿಸಿದಳು. ಸರಿಸಿ ತನ್ನ ಎರಡೂ ಕೈಯನ್ನು ನನ್ನ ಮಡಿಲಿಗೆ ಇಟ್ಟಳು.

“ನನಗ ಹಾಕು,” ಎಂದಳು.

“ಅಕ್ಕಾ…”

“ಹಾಕಂದ್ರ ಹಾಕು. ಎಷ್ಟ ಮಾತಾಡ್ತಿ!”

“ಇವು ಹುಡುಗಿ ಅಳತಿವು, ನಿನ್ನ ಕೈಗೆ ಹಿಡಿಯಂಗಿಲ್ಲ,” ಎಂದೆ. ಬೇರೆ ಏನು ಹೇಳಬೇಕೋ ತೋಚಲಿಲ್ಲ. ಮಲಾರದ ತಳದಿಂದ ದೊಡ್ಡ ಅಳತೆಯ ಸರ ಹುಡುಕಿ ತೆಗೆದೆ. ಅವಳ ಕೈ ಬೀಸುವಕಲ್ಲು ತಿರುಗಿಸಿ ತಿರುಗಿಸಿ ಗಡಸಾಗಿತ್ತು, ಹೆಬ್ಬೆರಳ ಬುಡ ಬಗ್ಗಲೇ ಇಲ್ಲ. ಕಸ್ತೂರಿ ಪಕ್ಕಕ್ಕೆ ಬಂದು ಸಾಬೂನು ಸವರಿ ಆ ಬುಡವನ್ನು ಮೆಲ್ಲಗೆ ತಿಕ್ಕಿದಳು. ಬಳೆ ಒಳಗೆ ಇಳಿಯಿತು.

ಎರಡೂ ಕೈಗೆ ಸಮನಾಗಿ ಏರಿಸುತ್ತ ಹೋದೆ. ಒಂದೊಂದು ಬಳೆ ಏರಿದಂತೆ ಬಸಲಿಂಗವ್ವ ಕಣ್ಣು ಮುಚ್ಚಿ ಹೇಳುತ್ತಿದ್ದಳು. “ಊರ ಅಗಸಿ ಬಾಗಲ ಹೋತು.” ಸ್ವಲ್ಪ ಹೊತ್ತಿಗೆ, “ಬಾವಿ ಕಟ್ಟಿ ಮ್ಯಾಲ ಹೆಣ್ಮಕ್ಕಳ ಇದ್ರು, ಹೋದ್ರು.” ಆಮೇಲೆ ಓಣಿ ಹೋಯಿತು. ಓಣಿಯಲ್ಲಿ ಆಡುತ್ತಿದ್ದ ನಾಯಿಮರಿ ಹೋಯಿತು. “ಮಾನಂದಿ ಗ್ವಾಡಿಗೆ ಕಿವಿ ಕೊಟ್ಟು ನಿಂತಿದ್ಲು. ಅಕಿನೂ ಹೋದ್ಲು, ಚಲೋ ಆತು.” ಹಿತ್ತಲಿನ ಎಮ್ಮೆ ಹೋದಾಗ ಮಾತ್ರ ಅವಳ ತುಟಿ ನಡುಗಿತು. ಎಮ್ಮೆಯ ಗಾಳಿ ಮನೆಯೊಳಗಿನ ಗಾಳಿಯೇ ಅಲ್ಲವೇ. ಮೊಣಕೈ ಹತ್ತಿರದ ಕಡೆಯ ಬಳೆಗಳಿಗೆ ಅವಳು ಏನನ್ನೂ ಹೇಳಲಿಲ್ಲ. ಏನು ಹೋಯಿತೆಂದು ನಾನು ಕೇಳಲೂ ಇಲ್ಲ. ಕೆನ್ನೆಯ ಮೇಲೆ ನೀರು ಇಳಿಯಿತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಮುಗಿಯಿತು. ಅವಳು ಕಣ್ಣು ತೆರೆಯದೆ ಕುಳಿತಿದ್ದಳು, ಹೊಸ ಊರಿನಲ್ಲಿ ಬಸ್ಸಿನಿಂದ ಇಳಿದವಳಂತೆ.

“ಕಸ್ತೂರೀ, ಎಲ್ಲಿದ್ದಿಯವಾ?”

“ಇಲ್ಲೇ ಅದೀನ್ರಿ ಅತ್ತಿ. ನಿಮ್ಮ ಕೈ ಹಿಡ್ಕೊಂಡೀನಲ್ರಿ.”

“ದುಂಡವ್ವಾ, ನೀ ಎಲ್ಲಿ?”

“ನಾನೂ ಇಲ್ಲೇ.”

“ಇಬ್ಬರೂ ಒಂದ ನಮೂನಿ ಆದ್ರಲ್ಲ,” ಎಂದಳು ಬಸಲಿಂಗವ್ವ.

ಚಕ್ಕಡಿಯನ್ನು ಓಣಿಯ ತಿರುವಿನಲ್ಲಿ ಬಿಟ್ಟು ಫಕ್ಕೀರಪ್ಪ ಬರಿಗಾಲಲ್ಲಿ ಬಂದು ಹೊಸ್ತಿಲ ಹೊರಗೆ ನಿಂತಿದ್ದ. ಅವನ ಕಣ್ಣುಗಳು ಕೆಂಪಾಗಿದ್ದವು. ಹುಟ್ಟಿದಾಗಿನಿಂದ ಅವನು ಆ ಹೊಸ್ತಿಲಿಗೆ ಬರುವ ಮೊದಲೇ ತಾಯಿ ನೀರಿನ ಚೆಂಬು ಹಿಡಿದು ನಿಂತಿರುತ್ತಿದ್ದಳು. ಇವತ್ತು ಅವಳ ಬೆನ್ನು ಅವನ ಕಡೆಗಿತ್ತು. ಅವನು ತಾಯಿಯನ್ನು ನೋಡಿದ, ಹೆಂಡತಿಯ ಬರಿಗೈಯನ್ನು ನೋಡಿದ, ನನ್ನನ್ನು ನೋಡಿದ. ಕಡೆಗೆ ಗಂಟಲು ಸರಿಮಾಡಿಕೊಂಡು, ಇದಕ್ಕೆ ಎಷ್ಟು ದನಿ ಬೇಕೆಂದು ತಿಳಿಯದವನಂತೆ, “ಅವ್ವಾ!” ಎಂದು ಜೋರಾಗಿ ಕೂಗಿದ.

ಬಸಲಿಂಗವ್ವ ಕುಳಿತಲ್ಲೇ ಬೆಚ್ಚಿಬಿದ್ದಳು. ಎರಡೂ ಕೈಯ ಬಳೆಗಳು ಒಮ್ಮೆಲೇ ಝಲ್ಲೆಂದವು. ಅವಳು ಸೊಸೆಯ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು ಬಾಗಿಲ ಕಡೆ ತಿರುಗಿದಳು.